‘ಮಾಡಬೇಕು’ ಎಂದೊಡನೆ ಮೈ ಕಲ್ಲಾದರೆ: ಆಟಿಸಂ ಇರುವ ವಯಸ್ಕರಿಗೊಂದು ಕೈಪಿಡಿ

ಕೇಳುವವರು ಬೇರೆ ಬೇರೆ, ಪ್ರಶ್ನೆ ಮಾತ್ರ ಒಂದೇ. ‘ಎರಡು ಸಾಲಿನ ಇಮೇಲ್‌ಗೆ ಉತ್ತರ ಬರೆಯುವುದಿತ್ತು, ಮೂರು ವಾರವಾಯಿತು, ಇನ್ನೂ ತೆರೆದೇ ಇಲ್ಲ.’ ‘ಸ್ನಾನಕ್ಕೆ ಏಳಬೇಕು ಅಂತ ಬೆಳಿಗ್ಗೆಯಿಂದ ಕೂತಿದ್ದೇನೆ, ಈಗ ಕತ್ತಲಾಯಿತು.’ ‘ನನಗೆ ಇಷ್ಟವಾದ ಕೆಲಸವೇ, ಆದರೆ ಇಂಥ ದಿನ ಅಂತ ಗೊತ್ತಾದ ಕೂಡಲೇ ಬೇಡವಾಗಿಬಿಡುತ್ತದೆ. ನಾನು ಸೋಮಾರಿಯೇ?’ ಜೊತೆಯಲ್ಲಿ ಬಾಳುವವರದು ಇದೇ ಪ್ರಶ್ನೆಯ ಇನ್ನೊಂದು ಮಗ್ಗುಲು: ‘ಹೇಳಿದರೂ ಮಾಡುವುದಿಲ್ಲ, ಹೇಳದಿದ್ದರೂ ಮಾಡುವುದಿಲ್ಲ. ನಾವು ಬಾಯಿ ಬಿಡುವುದೋ ಬೇಡವೋ?’

ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಉತ್ತರಿಸುವ ಬದಲು ಎಲ್ಲವನ್ನೂ ಇಲ್ಲಿ ಒಂದೆಡೆ ಬರೆದಿಟ್ಟಿದ್ದೇನೆ. ಇದು ಮುಖ್ಯವಾಗಿ ಆಟಿಸಂ ಇರುವ ವಯಸ್ಕರಿಗೆ, ತಮಗೆ ಆಟಿಸಂ ಇರಬಹುದೆಂಬ ಅನುಮಾನ ಇರುವವರಿಗೆ. 5 ಮತ್ತು 6ನೇ ಹಂತಗಳನ್ನು ಜೊತೆಗಿರುವವರೂ ಓದಲಿ.

ಸೋಮಾರಿತನಕ್ಕೂ ಇದಕ್ಕೂ ಇರುವ ವ್ಯತ್ಯಾಸ ತಿಳಿಯುವುದು ಕಷ್ಟವಲ್ಲ. ಸೋಮಾರಿಗೆ ಕೆಲಸ ತಪ್ಪಿದರೆ ಹಾಯೆನಿಸುತ್ತದೆ. ಇಲ್ಲಿ ಹಾಯೆನಿಸಿದರೂ ಅದು ಗಳಿಗೆಯ ಮಟ್ಟಿಗೆ ಮಾತ್ರ. ಕೂತವರಿಗೆ ಕೂತಲ್ಲೇ ಎದೆ ಹೊಡೆದುಕೊಳ್ಳುತ್ತಿರುತ್ತದೆ, ಏಳು ಏಳು ಎಂದು ತಮಗೆ ತಾವೇ ನೂರು ಸಲ ಹೇಳಿಕೊಂಡಿರುತ್ತಾರೆ, ಆದರೂ ಕೈಕಾಲು ಆಡುವುದಿಲ್ಲ. ಎದುರಿಗಿರುವ ಕೆಲಸವನ್ನು ಮಿದುಳು ಅಪಾಯವೆಂದು ಎಣಿಸಿದೆ. ಅಪಾಯದ ಮುಂದೆ ಪ್ರಾಣಿ ಮಾಡುವುದನ್ನೇ ಮೈಯೂ ಮಾಡುತ್ತದೆ: ಎದುರು ಬೀಳುತ್ತದೆ, ಓಡುತ್ತದೆ, ಇಲ್ಲವೇ ಕಲ್ಲಾಗುತ್ತದೆ.

ಇದನ್ನು ವಿವರಿಸಲು ಕನ್ನಡದಲ್ಲಿ ಒಂದು ಅನುಕೂಲ ಇದೆ. ನಮ್ಮ ‘ಬೇಕು’ ಆಸೆಗೂ ಸಲ್ಲುತ್ತದೆ, ಕಟ್ಟುಪಾಡಿಗೂ ಸಲ್ಲುತ್ತದೆ. ‘ನನಗೆ ಆ ಪುಸ್ತಕ ಬೇಕು’ ಎಂದರೆ ಆಸೆ. ‘ನಾನು ಆ ಪುಸ್ತಕ ಓದಬೇಕು’ ಎಂದಾಗ ಆಸೆಯ ಬೆನ್ನಿಗೆ ಹೊರೆಯೂ ಬಂದು ಕೂರುತ್ತದೆ. ಮೊದಲನೆಯ ಬೇಕು ಎರಡನೆಯದಾಗುವ ಆ ಗಳಿಗೆಯಲ್ಲೇ ಸಿಕ್ಕಿಬೀಳುವುದು. ಇಷ್ಟದ ಕೆಲಸವೂ ಏಕೆ ಆಗುವುದಿಲ್ಲ ಎಂಬ ಪ್ರಶ್ನೆಗೆ ಇದೇ ಉತ್ತರ.

ಹೆಸರಿನ ವಿಚಾರ

ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ಮಕ್ಕಳ ಬೆಳವಣಿಗೆಯ ಮನಶ್ಶಾಸ್ತ್ರಜ್ಞೆಯಾಗಿದ್ದ ಎಲಿಜಬೆತ್ ನ್ಯೂಸನ್ 1980ರ ದಶಕದಲ್ಲಿ ಕೆಲವು ಮಕ್ಕಳಲ್ಲಿ ಈ ಲಕ್ಷಣವನ್ನು ಗುರುತಿಸಿ ‘ಪ್ಯಾಥಲಾಜಿಕಲ್ ಡಿಮ್ಯಾಂಡ್ ಅವಾಯ್ಡೆನ್ಸ್’, ಅಂದರೆ ರೋಗವೆನಿಸುವಷ್ಟರ ಮಟ್ಟಿನ ಬೇಡಿಕೆ ತಪ್ಪಿಸುವಿಕೆ, ಎಂದು ಕರೆದರು. ಇದರ ಚಿಕ್ಕ ಹೆಸರೇ ಪಿಡಿಎ. ಇದರ ವಿವರವಾದ ಪ್ರಬಂಧ 2003ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಆದರೆ 2013ರ ಡಿಎಸ್‌ಎಂ-5ರಲ್ಲಾಗಲಿ 2022ರಲ್ಲಿ ಜಾರಿಗೆ ಬಂದ ಐಸಿಡಿ-11ರಲ್ಲಾಗಲಿ ಪಿಡಿಎ ಎಂಬ ಪ್ರತ್ಯೇಕ ರೋಗನಿರ್ಣಯ ಇಲ್ಲ. ವೈದ್ಯರು ಮಾನಸಿಕ ಮತ್ತು ದೈಹಿಕ ಸ್ಥಿತಿಗಳಿಗೆ ಹೆಸರಿಡುವುದು ಈ ಎರಡು ಕೈಪಿಡಿಗಳನ್ನು ನೋಡಿಕೊಂಡೇ. ಪಿಡಿಎ ಆಟಿಸಂನ ಒಂದು ಬಗೆಯೋ, ಆಟಿಸಂ ಮತ್ತು ಆತಂಕ ಸೇರಿ ಹುಟ್ಟುವ ನಡವಳಿಕೆಯೋ ಎಂಬುದರ ಬಗ್ಗೆ ತಜ್ಞರಲ್ಲಿ ಈಗಲೂ ಜಗ್ಗಾಟ ಇದೆ. ಅನುಭವಿಸುವ ವಯಸ್ಕರಲ್ಲಿ ಅನೇಕರಿಗೆ ‘ಪ್ಯಾಥಲಾಜಿಕಲ್’ ಎಂಬ ಪದವೇ ಹಿಡಿಸುವುದಿಲ್ಲ. ‘ಸ್ವಾಯತ್ತತೆಯ ತುಡಿತ’ ಎನ್ನುವುದು ಅವರಿಗೆ ಮೆಚ್ಚು. ನನ್ನ ಮಟ್ಟಿಗೆ ಹೆಸರು ಯಾವುದಾದರೂ ಆದೀತು. ಕೆಳಗಿನ ಹಂತಗಳಿಗೆ ಪ್ರಮಾಣಪತ್ರ ಬೇಕಿಲ್ಲ.

ಬೇಡಿಕೆ ಎಂದರೆ ಇಲ್ಲಿ ಯಾರೋ ಗದರಿ ಹೇಳಿದ್ದು ಮಾತ್ರ ಅಲ್ಲ. ನಿಮ್ಮಿಂದ ಏನನ್ನೇ ಅಪೇಕ್ಷಿಸುವ ಯಾವುದೂ ಬೇಡಿಕೆಯೇ. ಬಾಗಿಲ ಬೆಲ್, ಎದುರಾದವರ ನಮಸ್ಕಾರ, ಓದಿದ್ದೀರಿ ಎಂದು ತೋರಿಸುವ ನೀಲಿ ಟಿಕ್, ಹಸಿವು, ನಿನ್ನೆ ನೀವೇ ಬರೆದ ಪಟ್ಟಿ, ಎಲ್ಲವೂ.

ಶುರು ಮಾಡುವ ಮೊದಲು

ಬರೆದಿಡಲು ಏನಾದರೊಂದು, ಎರಡು ವಾರದ ಸಮಯ, ಸಾಧ್ಯವಾದರೆ ತೀರ್ಪು ಕೊಡದೆ ಕೇಳಿಸಿಕೊಳ್ಳುವ ಒಬ್ಬ ವ್ಯಕ್ತಿ. ಇಷ್ಟು ಸಾಕು. ಒಂಬತ್ತು ಹಂತಗಳನ್ನೂ ಮಾಡಿ ಮುಗಿಸಬೇಕೆಂದಿಲ್ಲ. ಹಾಗೆಂದುಕೊಂಡರೆ ಈ ಲೇಖನವೇ ಇನ್ನೊಂದು ಬೇಡಿಕೆಯಾಗಿ ತಲೆಯ ಮೇಲೆ ಕೂರುತ್ತದೆ. ಮೊದಲನೆಯದನ್ನು ಮಾತ್ರ ಬಿಡಬೇಡಿ, ಉಳಿದವುಗಳಲ್ಲಿ ಕೈಗೆ ಸಿಕ್ಕಿದ್ದನ್ನು ಎತ್ತಿಕೊಳ್ಳಿ.

ಹಂತ 1: ಬೇರೆ ಕಾರಣ ಇದೆಯೇ ನೋಡಿ

ನಿಮ್ಮನ್ನು ನೀವು ಕೇಳಿಕೊಳ್ಳುವ ಪ್ರಶ್ನೆ: ಇದು ಚಿಕ್ಕಂದಿನಿಂದ ಇದೆಯೋ, ಈಚಿನ ತಿಂಗಳುಗಳಲ್ಲಿ ಬಂದದ್ದೋ? ಮೊದಲೇ ಇದ್ದದ್ದು ಎಂದಾದರೆ ಮುಂದಿನ ಹಂತಕ್ಕೆ ಹೋಗಿ. ಹೊಸದಾಗಿ ಬಂದದ್ದಾದರೆ, ಇಲ್ಲವೇ ಇದ್ದದ್ದು ಒಮ್ಮೆಲೇ ಜೋರಾಗಿದ್ದರೆ ವೈದ್ಯರನ್ನು ನೋಡಿ. ಥೈರಾಯ್ಡ್ ಕೊರತೆ, ರಕ್ತಹೀನತೆ, ನಿದ್ರೆಯ ತೊಂದರೆ, ಖಿನ್ನತೆ ಇವೆಲ್ಲವೂ ‘ಏಳಲಾಗುತ್ತಿಲ್ಲ’ ಎಂಬ ಒಂದೇ ಮುಖದಲ್ಲಿ ಕಾಣಿಸಿಕೊಳ್ಳಬಲ್ಲವು. ಖಿನ್ನತೆಯಲ್ಲಿ ಸಾಮಾನ್ಯವಾಗಿ ಆಸೆಯೇ ಬತ್ತಿರುತ್ತದೆ. ಬೇಡಿಕೆಯ ತೊಂದರೆಯಲ್ಲಿ ಆಸೆ ಇರುತ್ತದೆ, ದಾರಿ ಕಟ್ಟಿರುತ್ತದೆ. ಎರಡೂ ಒಟ್ಟಿಗೆ ಇರಬಾರದೆಂದೇನೂ ಇಲ್ಲ.

ಆಟಿಸ್ಟಿಕ್ ಬರ್ನ್‌ಔಟ್ ಎಂಬುದೂ ಇದೆ. ಎಲ್ಲರಂತೆ ಕಾಣಿಸಿಕೊಳ್ಳಲು ವರ್ಷಗಟ್ಟಲೆ ಹೆಣಗಿದವರು ಒಂದು ಹಂತದಲ್ಲಿ ಬಸವಳಿದು ಬೀಳುತ್ತಾರೆ. ಬರುತ್ತಿದ್ದ ಕೆಲಸಗಳೇ ಕೈಬಿಟ್ಟು ಹೋಗುತ್ತವೆ, ಸದ್ದು ಬೆಳಕು ಮೊದಲಿಗಿಂತ ಹೆಚ್ಚು ಚುಚ್ಚುತ್ತವೆ, ತಿಂಗಳುಗಟ್ಟಲೆ ಸುಸ್ತು ಇಳಿಯುವುದಿಲ್ಲ. ಇಂಥ ಸ್ಥಿತಿಯಲ್ಲಿ ಉಪಾಯಗಳಿಗಿಂತ ಮೊದಲು ಬೇಕಾದದ್ದು ಹೊರೆ ಇಳಿಸುವುದು.

ಒಂದು ಎಚ್ಚರಿಕೆ. ಚಲನೆಯೇ ನಿಧಾನವಾಗುತ್ತಿದ್ದರೆ, ಅರ್ಧಕ್ಕೆ ಎತ್ತಿದ ಕೈ ಅಲ್ಲೇ ನಿಂತುಬಿಡುತ್ತಿದ್ದರೆ, ಮಾತು, ಊಟ, ನೀರು ಕಡಿಮೆಯಾಗುತ್ತಿದ್ದರೆ ಅದು ಕೆಟಟೋನಿಯಾ ಇರಬಹುದು. ಮಿದುಳು ಮತ್ತು ಚಲನೆಯ ನಡುವಿನ ಕೊಂಡಿ ಸಡಿಲವಾಗುವ ಈ ಸ್ಥಿತಿ ಆಟಿಸಂ ಇರುವ ಕೆಲವರಲ್ಲಿ ಕಾಣಿಸಿಕೊಳ್ಳುತ್ತದೆಂದು ಬ್ರಿಟನ್ನಿನ ಆಟಿಸಂ ತಜ್ಞರಾದ ಲೋರ್ನಾ ವಿಂಗ್ ಮತ್ತು ಅಮಿತಾ ಶಾ 2000ದಲ್ಲೇ ಬರೆದಿದ್ದಾರೆ. ಇದಕ್ಕೆ ಚಿಕಿತ್ಸೆ ಇದೆ, ತಡ ಮಾಡಬಾರದು. ‘ಹಟ ಮಾಡುತ್ತಿದ್ದಾನೆ’ ಎಂದು ಮನೆಯವರು ಕಾಯುತ್ತಾ ಕೂರುವುದು ಇಲ್ಲಿ ಆಗುವ ದೊಡ್ಡ ತಪ್ಪು.

ಹಂತ 2: ಎಲ್ಲಿ ಸಿಕ್ಕಿಬೀಳುತ್ತೀರಿ, ಬರೆದಿಡಿ

ಎರಡು ವಾರ, ಸಿಕ್ಕಿಬಿದ್ದಾಗಲೆಲ್ಲ ಒಂದು ಸಾಲು. ಹೀಗಿದ್ದರೆ ಸಾಕು:

‘ಬೆಳಿಗ್ಗೆ 10. ಬ್ಯಾಂಕಿನ ಪತ್ರ. ಲಕೋಟೆ ನೋಡಿದೊಡನೆ ಹೊಟ್ಟೆ ಬಿಗಿ. ಡ್ರಾಯರ್‌ಗೆ ತುರುಕಿದೆ. ಹಾಯೆನಿಸಿತು.’

‘ಮಧ್ಯಾಹ್ನ. ಮೂತ್ರಕ್ಕೆ ಹೋಗಬೇಕು. ಒಂದು ಗಂಟೆಯಾದರೂ ಎದ್ದಿಲ್ಲ.’

‘ಸಂಜೆ. ಪಾತ್ರೆ ತೊಳೆಯಲು ಏಳುತ್ತಿದ್ದೆ. ಅಷ್ಟರಲ್ಲಿ ಒಳಗಿಂದ ಪಾತ್ರೆ ತೊಳೀತೀಯಾ ಎಂಬ ದನಿ. ಮತ್ತೆ ಕೂತುಬಿಟ್ಟೆ.’

ಈ ಮೂರನೇ ಸಾಲು ಓದಿ ‘ಅಯ್ಯೋ, ಇದು ನಾನೇ’ ಅನ್ನಿಸಿದರೆ ನೀವು ಸರಿಯಾದ ಲೇಖನಕ್ಕೇ ಬಂದಿದ್ದೀರಿ.

ಇಲ್ಲಿನ ಹಳ್ಳ ಯಾವುದೆಂದರೆ, ಮೂರನೇ ದಿನಕ್ಕೆ ‘ಬರೆದಿಡಬೇಕು’ ಎಂಬುದೇ ಬೇಡಿಕೆಯಾಗುತ್ತದೆ. ಆದ್ದರಿಂದ ಬಿಟ್ಟುಹೋದ ದಿನಗಳನ್ನು ತುಂಬಿಸಲು ಹೋಗಬೇಡಿ. ಒಂದು ಪದ ಸಾಕು, ಫೋನಿಗೆ ಪಿಸುಗುಟ್ಟಿದರೂ ಆಯಿತು. ಎರಡು ವಾರದಲ್ಲಿ ಏಳೆಂಟು ಸಾಲು ಸಿಕ್ಕರೆ ಮುಂದಿನ ಹಂತಕ್ಕೆ ಧಾರಾಳ.

ಹಂತ 3: ಮುಳ್ಳು ಯಾವುದೆಂದು ಬೇರ್ಪಡಿಸಿ

ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದ ಹಂತ ಇದು. ಹೊರಗಿಂದ ಎಲ್ಲವೂ ‘ಮಾಡಲಿಲ್ಲ’ ಎಂದೇ ಕಾಣುತ್ತದೆ. ಒಳಗೆ ಕನಿಷ್ಠ ನಾಲ್ಕು ಬೇರೆ ಬೇರೆ ಕಾರಣಗಳಿರುತ್ತವೆ, ಒಂದರ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ.

*ಏನಾಗುತ್ತದೋ ಗೊತ್ತಿಲ್ಲ ಎಂಬ ಭಯ.* ಬ್ಯಾಂಕಿನ ಪತ್ರ ಈ ಜಾತಿಯದು. ಅನಿಶ್ಚಿತತೆಯನ್ನು ತಾಳಿಕೊಳ್ಳುವುದು ಆಟಿಸಂ ಇರುವ ಬಹಳ ಮಂದಿಗೆ ಕಷ್ಟ. ಆತಂಕಕ್ಕೂ ಬೇಡಿಕೆ ತಪ್ಪಿಸುವಿಕೆಗೂ ಇದು ಬುಡದಲ್ಲಿರುತ್ತದೆಂದು ಸಂಶೋಧನೆಗಳೂ ಹೇಳುತ್ತವೆ. ಪರೀಕ್ಷೆ: ‘ಒಳಗೆ ಏನಿದೆ ಎಂದು ಯಾರಾದರೂ ಮೊದಲೇ ಹೇಳಿದ್ದರೆ ತೆರೆಯುತ್ತಿದ್ದೆನೇ?’ ಹೌದಾದರೆ ಬೇಕಾದದ್ದು ಮಾಹಿತಿ, ಧೈರ್ಯದ ಮಾತಲ್ಲ.

*ಇಂದ್ರಿಯಗಳಿಗೆ ನೋವು.* ಮಿಕ್ಸಿಯ ಸದ್ದು, ಒದ್ದೆ ಬಟ್ಟೆಯ ಸ್ಪರ್ಶ, ಟ್ಯೂಬ್‌ಲೈಟಿನ ಬೆಳಕು. ಪರೀಕ್ಷೆ: ಆ ಸದ್ದು, ಆ ಸ್ಪರ್ಶ ಇಲ್ಲದಿದ್ದರೆ ಕೆಲಸ ಸಲೀಸಾಗುತ್ತಿತ್ತೇ?

*ಹೊರಳಲಾಗದಿರುವುದು.* ಇದನ್ನು ಆಟಿಸ್ಟಿಕ್ ಇನರ್ಷಿಯಾ ಅಥವಾ ಜಡತ್ವ ಎನ್ನುತ್ತಾರೆ. ನಿಂತ ಬಂಡಿ ಚಲಿಸುವುದಿಲ್ಲ, ಚಲಿಸುವ ಬಂಡಿ ನಿಲ್ಲುವುದಿಲ್ಲ. ಶುರು ಮಾಡುವುದೂ ಕಷ್ಟ, ಶುರುವಾದದ್ದನ್ನು ನಿಲ್ಲಿಸುವುದೂ ಅಷ್ಟೇ ಕಷ್ಟ. ಮೂತ್ರಕ್ಕೆ ಏಳದೆ ಕೂತದ್ದು ಇದರಿಂದ ಇರಬಹುದು. ಇಲ್ಲವೇ ಮೈಯ ಒಳಗಿನ ಸಂಜ್ಞೆಗಳು, ಅಂದರೆ ಹಸಿವು, ಬಾಯಾರಿಕೆ, ಮೂತ್ರದ ಒತ್ತಡ, ತಡವಾಗಿ ತಿಳಿಯುವುದರಿಂದಲೂ ಇರಬಹುದು. ಪರೀಕ್ಷೆ: ಯಾರಾದರೂ ಸುಮ್ಮನೆ ಪಕ್ಕಕ್ಕೆ ಬಂದು ಕೂತರೆ, ಕೈ ಹಿಡಿದು ಎಬ್ಬಿಸಿದರೆ ಆಗುತ್ತದೆಯೇ?

*ನನ್ನ ಹಿಡಿತ ತಪ್ಪಿತು ಎಂಬ ದಿಗಿಲು.* ಪಾತ್ರೆಯ ಸಾಲು ಇದಕ್ಕೆ ಮಾದರಿ. ಏಳುತ್ತಿದ್ದವರು ಕೂತದ್ದು ಪಾತ್ರೆಯ ದೆಸೆಯಿಂದಲ್ಲ, ದನಿಯ ದೆಸೆಯಿಂದ. ತನ್ನದಾಗಿದ್ದ ಕೆಲಸ ಆ ದನಿಯಿಂದ ಬೇರೆಯವರದಾಯಿತು. ಪರೀಕ್ಷೆ: ಯಾರೂ ಹೇಳದಿದ್ದರೆ, ಯಾರೂ ನೋಡದಿದ್ದರೆ ಮಾಡುತ್ತಿದ್ದೆನೇ?

ನಾಲ್ಕನೆಯ ಗುಂಪಿನವರಿಗೆ ಪಕ್ಕದಲ್ಲಿ ಯಾರೋ ಬಂದು ಕೂತರೆ ಮತ್ತಷ್ಟು ಕಗ್ಗಂಟಾಗುತ್ತದೆ. ಮೂರನೆಯ ಗುಂಪಿನವರನ್ನು ‘ನಿಮ್ಮಿಷ್ಟ’ ಎಂದು ಬಿಟ್ಟರೆ ಸಂಜೆಯವರೆಗೂ ಅಲ್ಲೇ ಇರುತ್ತಾರೆ. ಓದಿದ ಉಪಾಯಗಳೆಲ್ಲ ಹುಸಿ ಹೋದವು ಎನ್ನುವವರಲ್ಲಿ ಹೆಚ್ಚಿನವರು ಎಡವುವುದು ಇಲ್ಲೇ. ನಿಮ್ಮ ಏಳೆಂಟು ಸಾಲುಗಳ ಎದುರು 1, 2, 3, 4 ಎಂದು ಗುರುತು ಹಾಕಿ. ಎರಡೆರಡು ಗುರುತು ಬಿದ್ದರೂ ಸರಿ.

ಹಂತ 4: ಹೊರೆ ಇಳಿಸಿ

ಸ್ನಾನವನ್ನೇ ತೆಗೆದುಕೊಳ್ಳೋಣ, ಎಲ್ಲರೂ ನಾಚಿಕೊಂಡು ಕೇಳುವುದು ಇದನ್ನೇ.

ಮಾಡುತ್ತಿರುವುದನ್ನು ನಿಲ್ಲಿಸುವುದು, ಏಳುವುದು, ಬಟ್ಟೆ ಆರಿಸುವುದು, ಟವೆಲ್ ಹುಡುಕುವುದು, ಬಚ್ಚಲ ದೀಪದ ಕುಕ್ಕುವ ಬೆಳಕು, ಬಟ್ಟೆ ಕಳಚಿದಾಗಿನ ಚಳಿ, ನೀರಿನ ಹದ ನೋಡುವುದು, ಗೋಡೆಗೆ ಬಡಿದು ಮರುದನಿಸುವ ನೀರಿನ ಸದ್ದು, ಸೋಪಿನ ವಾಸನೆ, ಕುತ್ತಿಗೆಗೆ ಅಂಟುವ ಒದ್ದೆ ಕೂದಲು, ಒರೆಸಿಕೊಂಡರೂ ಒಣಗದ ಮೈ, ಅದಕ್ಕೆ ಎಳೆದೆಳೆದು ಹಾಕಬೇಕಾದ ಬಟ್ಟೆ. ಇದಕ್ಕೆಲ್ಲ ಸೇರಿ ನಾವು ‘ಸ್ನಾನ’ ಎಂಬ ಒಂದು ಪದ ಇಟ್ಟುಕೊಂಡಿದ್ದೇವೆ.

ಇವುಗಳಲ್ಲಿ ಎಲ್ಲವೂ ಚುಚ್ಚುವುದಿಲ್ಲ. ಬಹಳ ಮಂದಿಗೆ ಒಂದೋ ಎರಡೋ ಮುಳ್ಳು ಇರುತ್ತದೆ. ಕೂದಲೇ ಮುಳ್ಳಾಗಿದ್ದರೆ ತಲೆಗೆ ಬೇರೆ ದಿನ, ಮೈಗೆ ಬೇರೆ ದಿನ. ಬೆಳಕಾದರೆ ಬಚ್ಚಲ ದೀಪ ಆರಿಸಿ ಹೊರಗಿನ ದೀಪದಲ್ಲಿ ಸ್ನಾನ. ಚಳಿಯಾದರೆ ಟವೆಲ್ ಕೈಗೆಟಕುವಲ್ಲಿ ಇರಲಿ. ನಿಂತಿರುವುದು ಕಷ್ಟವಾದರೆ ಸ್ಟೂಲ್. ಬಟ್ಟೆ ಆರಿಸುವುದು ಕಷ್ಟವಾದರೆ ಒಂದೇ ಬಗೆಯ ನಾಲ್ಕು ಜೊತೆ. ಏನೂ ಆಗದ ದಿನ ಒದ್ದೆ ಬಟ್ಟೆಯಲ್ಲಿ ಮೈ ಒರೆಸಿಕೊಂಡರೆ ಅದೂ ಸ್ನಾನವೇ. ‘ಮಾಡಿದರೆ ಪೂರ್ತಿ, ಇಲ್ಲದಿದ್ದರೆ ಇಲ್ಲ’ ಎಂಬ ನಿಯಮ ಯಾರು ಮಾಡಿದ್ದು?

ಇಲ್ಲಿ ಒಂದು ದೊಡ್ಡ ಹಳ್ಳ. ಕೆಲಸವನ್ನು ಚಿಕ್ಕ ಚಿಕ್ಕ ಹೆಜ್ಜೆಗಳಾಗಿ ಒಡೆದು ಗೋಡೆಗೆ ಪಟ್ಟಿ ಅಂಟಿಸಿ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ಜಡತ್ವದವರಿಗೆ ಅದು ಒಳ್ಳೆಯದೇ. ಹಿಡಿತ ತಪ್ಪುವ ದಿಗಿಲು ಇರುವವರಿಗೆ ಮಾತ್ರ ಒಂದಿದ್ದ ಬೇಡಿಕೆ ಹನ್ನೆರಡಾಗುತ್ತದೆ, ಅವೂ ಗೋಡೆಯ ಮೇಲೆ ಕೂತು ದಿಟ್ಟಿಸುತ್ತವೆ! ಒಡೆದು ನೋಡುವುದು ಮುಳ್ಳು ಹುಡುಕಲಿಕ್ಕೆ. ಮುಳ್ಳು ಸಿಕ್ಕ ಮೇಲೆ ಪಟ್ಟಿ ಹರಿದು ಹಾಕಿ.

ಉಳಿದ ಕೆಲಸಗಳಿಗೂ ಇದೇ ರೀತಿ ಕೇಳಿಕೊಳ್ಳಿ. ಇದನ್ನು ಬಿಟ್ಟರೆ ನಿಜಕ್ಕೂ ಏನಾಗುತ್ತದೆ? ಏನೂ ಆಗದಿದ್ದರೆ ಬಿಟ್ಟುಬಿಡಿ, ಮಡಿಸದ ಬಟ್ಟೆಯಿಂದ ಯಾರೂ ಸತ್ತಿಲ್ಲ. ಬೇರೆಯವರು ಮಾಡಬಹುದಾದರೆ ಅದಲುಬದಲು ಮಾಡಿಕೊಳ್ಳಿ: ಫೋನ್ ಕರೆ ಅವರದು, ಲೆಕ್ಕಪತ್ರ ನಿಮ್ಮದು. ಯಂತ್ರ ಮಾಡುವುದಾದರೆ ಯಂತ್ರಕ್ಕೆ ಕೊಡಿ. ಬಿಲ್‌ಗಳು ತಾವಾಗಿಯೇ ಪಾವತಿಯಾಗುವಂತೆ ಒಮ್ಮೆ ಏರ್ಪಾಡು ಮಾಡಿದರೆ ತಿಂಗಳಿಗೊಂದು ಬೇಡಿಕೆ ಕಾಯಂ ಆಗಿ ಅಳಿಯುತ್ತದೆ. ನೆನಪಿಡಿ, ಬೇಡಿಕೆಗಳು ಕೂಡಿಕೊಳ್ಳುತ್ತವೆ. ಬೆಳಿಗ್ಗೆ ಸಲೀಸಾಗಿ ಮಾಡಿದ ಕೆಲಸ ಸಂಜೆ ಆಗದಿದ್ದರೆ ಅದು ನಾಟಕವಲ್ಲ, ಅಷ್ಟರಲ್ಲಿ ಕೊಡ ತುಂಬಿರುತ್ತದೆ.

ಹಂತ 5: ‘ಬೇಕು’ವನ್ನು ಬದಲಿಸಿ

ನಿಮ್ಮೊಂದಿಗೆ ನೀವು ಆಡುವ ಮಾತನ್ನು ಒಂದು ದಿನ ಗಮನಿಸಿ. ಏಳಬೇಕು, ತೊಳೆಯಬೇಕು, ಹೇಳಬೇಕು, ಮಲಗಬೇಕು. ಇದರ ಜಾಗದಲ್ಲಿ ‘ಬಹುದು’ ಇಟ್ಟು ನೋಡಿ: ‘ಈಗ ತೊಳೆಯಬಹುದು, ಆಮೇಲೂ ತೊಳೆಯಬಹುದು.’ ಬಹುದು ಎಂದಾಗ ಬೇಡ ಎನ್ನುವ ಬಾಗಿಲು ತೆರೆದಿರುತ್ತದೆ. ಬಾಗಿಲು ತೆರೆದಿದೆ ಎಂದು ಗೊತ್ತಿದ್ದರೆ ಒಳಗೆ ಇರುವುದು ಸುಲಭ. ಕೆಲವರಿಗೆ ಕುತೂಹಲದ ಧಾಟಿ ಒಗ್ಗುತ್ತದೆ: ‘ಎರಡು ನಿಮಿಷದಲ್ಲಿ ಎಷ್ಟು ತಟ್ಟೆ ಆಗುತ್ತದೋ ನೋಡೋಣ.’ ಈ ಲೇಖನವನ್ನೇ ನಾನು ‘ಬರೆಯಬೇಕು’ ಎಂದು ಪಟ್ಟಿಗೆ ಹಾಕಿ ಹನ್ನೊಂದು ದಿನ ಮುಟ್ಟಲಿಲ್ಲ. ಪಟ್ಟಿಯಿಂದ ಹೊಡೆದುಹಾಕಿದ ರಾತ್ರಿ ಮೊದಲ ಎರಡು ಹಂತ ಮುಗಿದವು.

ಜೊತೆಗಿರುವವರಿಗೆ: ಆಜ್ಞೆಯ ಬದಲು ಇರುವ ಸಂಗತಿಯನ್ನಷ್ಟೇ ಹೇಳಿ. ‘ಔಷಧಿ ತಗೋ’ ಎನ್ನುವ ಬದಲು ‘ಔಷಧಿ ಮೇಜಿನ ಮೇಲಿದೆ.’ ‘ಬೇಗ ಹೊರಡು’ ಎನ್ನುವ ಬದಲು ‘ನಾನು ಐದೂವರೆಗೆ ಹೊರಡುತ್ತೇನೆ.’ ಹೇಳಿದ ಮೇಲೆ ಅಲ್ಲೇ ನಿಂತು ಮುಖ ನೋಡಬೇಡಿ. ಆ ನೋಟ ಆಜ್ಞೆಗಿಂತ ಜೋರು. ‘ಮಾಡ್ತೀಯಾ?’ ಎಂಬುದು ಪ್ರಶ್ನೆಯಂತೆ ಕಂಡರೂ ಇಲ್ಲ ಎಂದರೆ ನಿಮಗೆ ಬೇಜಾರಾಗುವುದಾದರೆ ಅದು ಪ್ರಶ್ನೆಯಲ್ಲ. ಅದು ಅವರಿಗೆ ಗೊತ್ತಾಗುತ್ತದೆ.

ಹೊಗಳಿಕೆಯಲ್ಲೂ ಎಚ್ಚರ. ‘ನೋಡಿದೆಯಾ, ಇವತ್ತು ಎಷ್ಟು ಚೆನ್ನಾಗಿ ಮಾಡಿದೆ!’ ಎಂದರೆ ಒಳಗೆ ಕೇಳಿಸುವುದು ‘ನಾಳೆಯೂ ಮಾಡು’ ಎಂದು. ಸುಮ್ಮನೆ ‘ಥ್ಯಾಂಕ್ಸ್’ ಎಂದು ಬೇರೆ ಮಾತಿಗೆ ಹೋಗುವುದು ವಾಸಿ. ಬಹುಮಾನ, ಅಂಕಪಟ್ಟಿ, ಶಿಕ್ಷೆ ಇವು ಮಕ್ಕಳಲ್ಲೇ ಈ ಸ್ವಭಾವಕ್ಕೆ ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ. ಬೆಳೆದವರ ಮೇಲೆ ಪ್ರಯೋಗಿಸಿದರೆ ಅವಮಾನವೂ ಸೇರಿಕೊಳ್ಳುತ್ತದೆ.

ಇನ್ನೊಂದು ಮಾತು ಹೇಳಿಬಿಡುತ್ತೇನೆ. ಈ ಧಾಟಿಯನ್ನು ಕೆಲಸ ಮಾಡಿಸಿಕೊಳ್ಳುವ ತಂತ್ರವಾಗಿ ಬಳಸಿದರೆ ಒಂದು ವಾರದಲ್ಲಿ ಸಿಕ್ಕಿಬೀಳುತ್ತೀರಿ. ಬಣ್ಣ ಬಳಿದ ಬೇಡಿಕೆಯನ್ನು ಇವರಷ್ಟು ಬೇಗ ಪತ್ತೆ ಹಚ್ಚುವವರು ಯಾರೂ ಇಲ್ಲ. ಆಯ್ಕೆ ಕೊಡುವುದಾದರೆ ನಿಜವಾಗಿ ಕೊಡಿ. ಕೊಡಲಾಗದ ಕಡೆ ‘ಇದರಲ್ಲಿ ಆಯ್ಕೆ ಇಲ್ಲ, ಕಾರಣ ಇದು’ ಎಂದು ನೇರವಾಗಿ ಹೇಳಿ. ನೇರ ಮಾತನ್ನು ಇವರು ತಾಳಿಕೊಳ್ಳುತ್ತಾರೆ. ಮೋಸ ಹೋದೆನೆಂಬ ಭಾವನೆಯನ್ನು ತಾಳಿಕೊಳ್ಳುವುದಿಲ್ಲ.

ಹಂತ 6: ತಪ್ಪಿಸಲಾಗದ ಕೆಲಸಗಳು

ಔಷಧಿ, ತೆರಿಗೆ, ಕೆಲಸದ ಗಡುವು, ಮಕ್ಕಳ ಆರೈಕೆ. ಇವುಗಳ ಪಟ್ಟಿ ನೀವೆಂದುಕೊಂಡದ್ದಕ್ಕಿಂತ ಚಿಕ್ಕದಿರುತ್ತದೆ. ಅದನ್ನು ತಲೆ ತಣ್ಣಗಿರುವ ದಿನ ಮಾಡಿ, ಯಾವುದನ್ನು ಯಾರು ಹೇಗೆ ನೆನಪಿಸಬಹುದು ಎಂಬ ಒಪ್ಪಂದವನ್ನೂ ಅಂದೇ ಮಾಡಿಕೊಳ್ಳಿ. ಸಿಕ್ಕಿಬಿದ್ದ ಗಳಿಗೆಯಲ್ಲಿ ಒಪ್ಪಂದದ ಮಾತೆತ್ತಿದರೆ ಜಗಳ ಖಾತ್ರಿ.

ಮಾಡುವುದರಲ್ಲಿ ಆಯ್ಕೆ ಇಲ್ಲದಿದ್ದರೆ ಹೇಗೆ, ಎಲ್ಲಿ, ಯಾವಾಗ ಎಂಬುದರಲ್ಲಿ ಹುಡುಕಿ. ‘ಶುಕ್ರವಾರ 3 ಗಂಟೆ’ ಎಂಬುದಕ್ಕಿಂತ ‘ಗುರುವಾರದಿಂದ ಶನಿವಾರದೊಳಗೆ’ ಎಂಬುದು ಹಗುರ. ಪಕ್ಕದಲ್ಲಿ ಇನ್ನೊಬ್ಬರು ತಮ್ಮ ಪಾಡಿಗೆ ತಮ್ಮ ಕೆಲಸ ಮಾಡುತ್ತಾ ಕೂರುವುದು, ಇದನ್ನು ಬಾಡಿ ಡಬ್ಲಿಂಗ್ ಎನ್ನುತ್ತಾರೆ, ಜಡತ್ವಕ್ಕೆ ಒಳ್ಳೆಯ ಮದ್ದು. ವಿಡಿಯೋ ಕರೆಯಲ್ಲೂ ನಡೆಯುತ್ತದೆ. ಕಚೇರಿಯಲ್ಲಿ ಕೇಳಬಹುದಾದದ್ದು: ಸೂಚನೆ ಬರಹದಲ್ಲಿ, ಮುಗಿಸುವ ದಿನ ಸ್ಪಷ್ಟ, ಮಾಡುವ ಬಗೆ ನಿಮಗೆ ಬಿಟ್ಟದ್ದು, ನಡುನಡುವೆ ‘ಎಲ್ಲಿಗೆ ಬಂತು?’ ಎಂಬ ವಿಚಾರಣೆ ಬೇಡ.

ಹಂತ 7: ಆತಂಕ ಬೆಳೆಯದಂತೆ ನೋಡಿಕೊಳ್ಳಿ

ಹೊರೆ ಇಳಿಸಿ ಎಂದು ಇಷ್ಟು ಹೊತ್ತು ಹೇಳಿದವರು ಈಗ ಹೇಳುವುದು ತುಸು ವಿರುದ್ಧವಾಗಿ ಕೇಳಿಸಬಹುದು. ಬ್ಯಾಂಕಿನ ಪತ್ರದ ಸಾಲಿನ ಕೊನೆಯ ಪದ ನೆನಪಿದೆಯೇ? ‘ಹಾಯೆನಿಸಿತು.’ ತಪ್ಪಿಸಿಕೊಂಡಾಗ ಸಿಗುವ ಆ ನೆಮ್ಮದಿಯೇ ‘ಪತ್ರ ಅಪಾಯ, ಡ್ರಾಯರ್ ಕ್ಷೇಮ’ ಎಂಬ ಪಾಠವನ್ನು ಮಿದುಳಿಗೆ ಕಲಿಸುತ್ತದೆ. ಮುಂದಿನ ಪತ್ರ ಇನ್ನೂ ಭಾರ. ಹೀಗೆ ಕ್ರಮೇಣ ಬದುಕು ಡ್ರಾಯರಿನಷ್ಟಾಗುತ್ತದೆ.

ಸಾಮಾನ್ಯ ಆತಂಕಕ್ಕೆ ಚಿಕಿತ್ಸಕರು ಹೇಳುವುದು, ಭಯಪಡುವುದನ್ನು ಸ್ವಲ್ಪ ಸ್ವಲ್ಪವೇ ಎದುರಿಸಿ ಎಂದು. ಇಲ್ಲೂ ಅದು ಕೆಲಸ ಮಾಡಬಹುದು, ಆದರೆ ಮೆಟ್ಟಿಲು ಆರಿಸುವುದು, ಯಾವಾಗ ಹತ್ತುವುದು, ಯಾವಾಗ ಇಳಿಯುವುದು ಎಲ್ಲವೂ ನಿಮ್ಮ ಕೈಯಲ್ಲಿದ್ದರೆ ಮಾತ್ರ. ಇನ್ನೊಬ್ಬರು ತಳ್ಳಿದರೆ ಅದು ಮೊದಲ ಭಯದ ಮೇಲೆ ಎರಡನೆಯ ಭಯ. ಪತ್ರಕ್ಕೆ ಮೆಟ್ಟಿಲು ಹೀಗಿರಬಹುದು: ಡ್ರಾಯರಿನಿಂದ ಮೇಜಿಗೆ ತಂದಿಡುವುದು, ಅಷ್ಟೇ. ಇನ್ನೊಂದು ದಿನ ಲಕೋಟೆ ಹರಿಯುವುದು, ಓದದೆ. ಮತ್ತೊಂದು ದಿನ ನಂಬಿಕೆಯವರು ಓದಿ ಒಂದು ಸಾಲಿನಲ್ಲಿ ಹೇಳುವುದು. ಇಂದ್ರಿಯಗಳ ನೋವಿಗೆ ಮಾತ್ರ ಈ ಮೆಟ್ಟಿಲು ಬೇಡ. ಕಿವಿ ನೋಯಿಸುವ ಸದ್ದು ಕೇಳುತ್ತಾ ಕೇಳುತ್ತಾ ಒಗ್ಗುತ್ತದೆಂದು ನೆಚ್ಚಿಕೊಳ್ಳುವಂತಿಲ್ಲ. ಇಯರ್‌ಪ್ಲಗ್ ಹಾಕಿಕೊಳ್ಳಿ.

ಹಂತ 8: ಕೊಡ ತುಳುಕಿದಾಗ

ಮೆಲ್ಟ್‌ಡೌನ್ ಎಂದರೆ ಒಳಗಿನದು ಹೊರಗೆ ಸ್ಫೋಟಿಸುವುದು: ಅಳು, ಕಿರುಚಾಟ, ವಸ್ತು ಎಸೆತ. ಶಟ್‌ಡೌನ್ ಎಂದರೆ ಒಳಗೇ ಮುಚ್ಚಿಕೊಳ್ಳುವುದು: ಮಾತು ಹೊರಡುವುದಿಲ್ಲ, ಮೈ ಏಳುವುದಿಲ್ಲ. ಎರಡರಲ್ಲೂ ಮಾಡುವುದು ಒಂದೇ. ಎಲ್ಲ ಬೇಡಿಕೆಗಳನ್ನೂ ನಿಲ್ಲಿಸುವುದು, ‘ಏನಾಯಿತು, ಹೇಳು’ ಎಂಬುದನ್ನೂ ಸೇರಿಸಿ. ಬೆಳಕು ಕಡಿಮೆ, ಮಾತು ಕಡಿಮೆ, ಜನ ಕಡಿಮೆ. ಕೇಳದೆ ಮುಟ್ಟುವುದು ಬೇಡ. ಕೆಲವು ಗಂಟೆ, ಕೆಲವೊಮ್ಮೆ ಒಂದೆರಡು ದಿನ ಹಿಡಿಯಬಹುದು. ಸಾಯುವ ಯೋಚನೆ ಬರುತ್ತಿದ್ದರೆ ಕಾಯಬೇಡಿ. ಆಟಿಸಂ ಇರುವ ವಯಸ್ಕರಲ್ಲಿ ಆತ್ಮಹತ್ಯೆಯ ಅಪಾಯ ಉಳಿದವರಿಗಿಂತ ಹೆಚ್ಚು. ತುರ್ತು ಸೇವೆಗೋ ಸಹಾಯವಾಣಿಗೋ ಅಂದೇ ತಿಳಿಸಿ. ಕರೆ ಮಾಡಲಾಗದಿದ್ದರೆ ನಂಬಿಕೆಯವರಿಗೆ ಒಂದೇ ಪದದ ಸಂದೇಶ ಕಳುಹಿಸುವುದೆಂದು ಮೊದಲೇ ಗೊತ್ತು ಮಾಡಿಟ್ಟುಕೊಳ್ಳಿ.

ಹಂತ 9: ತಜ್ಞರ ಬಳಿ ಹೋಗುವಾಗ

ಆಟಿಸಂ ಇರುವ ವಯಸ್ಕರಲ್ಲಿ ಆತಂಕದ ಕಾಯಿಲೆ ಅಪರೂಪವಲ್ಲ. ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿ 2019ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ ಅಧ್ಯಯನದ ಹೊತ್ತಿಗೆ ಆತಂಕದ ಕಾಯಿಲೆ ಇದ್ದವರು ಶೇ. 27, ಜೀವನದಲ್ಲಿ ಯಾವಾಗಲಾದರೂ ಇದ್ದವರು ಶೇ. 42. ಹಾಗಾಗಿ ‘ನನಗೆ ಪಿಡಿಎ ಇದೆಯೇ?’ ಎಂದು ಶುರು ಮಾಡುವುದಕ್ಕಿಂತ ನಿಮ್ಮ ಏಳೆಂಟು ಸಾಲುಗಳನ್ನು ಕೈಗೆ ಕೊಟ್ಟು ‘ಹೀಗಾಗುತ್ತಿದೆ’ ಎನ್ನಿ. ಹೆಸರಿನ ಚರ್ಚೆಯಲ್ಲಿ ಸಮಯ ಹೋಗುವುದಿಲ್ಲ.

ಸಿಬಿಟಿ, ಅಂದರೆ ಯೋಚನೆ ಮತ್ತು ನಡವಳಿಕೆಯ ಕೊಂಡಿ ಹಿಡಿದು ಮಾಡುವ ಮಾತಿನ ಚಿಕಿತ್ಸೆ, ಸೂಚಿಸಿದರೆ ಅದನ್ನು ಆಟಿಸಂಗೆ ತಕ್ಕಂತೆ ಮಾರ್ಪಡಿಸುತ್ತೀರಾ ಎಂದು ಕೇಳಿ. ಚಿಕಿತ್ಸೆಯ ಮಾರ್ಗಸೂಚಿಗಳನ್ನು ರೂಪಿಸುವ ಬ್ರಿಟನ್ನಿನ ನೈಸ್ ಸಂಸ್ಥೆ 2012ರಲ್ಲಿ ಹೊರತಂದ ವಯಸ್ಕರ ಆಟಿಸಂ ಮಾರ್ಗಸೂಚಿಯಲ್ಲಿ ಈ ಮಾರ್ಪಾಡುಗಳ ಪಟ್ಟಿಯೇ ಇದೆ: ಬರಹ ಮತ್ತು ಚಿತ್ರಗಳ ಬಳಕೆ, ನೇರ ಮಾತು, ಬಿಡಿಸಿ ಹೇಳಿದ ನಿಯಮಗಳು, ನಡುವೆ ವಿರಾಮ, ವ್ಯಕ್ತಿಯ ಆಸಕ್ತಿಗಳನ್ನು ಸೇರಿಸಿಕೊಳ್ಳುವುದು. ‘ಹೋಮ್‌ವರ್ಕ್’ ಎಂಬ ಪದ ಕೇಳಿದೊಡನೆ ನಿಮಗೆ ಏನಾಗುತ್ತದೆಂಬುದನ್ನೂ ಹೇಳಿಬಿಡಿ. ಬೇಡಿಕೆ ತಪ್ಪಿಸುವಿಕೆಗೆಂದೇ ಔಷಧಿ ಇಲ್ಲ. ಆತಂಕಕ್ಕೆ, ಖಿನ್ನತೆಗೆ ಇದೆ. ಶುರು ಮಾಡಿದ ಔಷಧಿಯನ್ನು ‘ತಗೋಬೇಕು’ ಎಂಬುದು ಹೊರೆಯಾದರೆ ನೀವಾಗಿಯೇ ಒಮ್ಮೆಲೇ ನಿಲ್ಲಿಸಬೇಡಿ, ಅದನ್ನೇ ವೈದ್ಯರಿಗೆ ಹೇಳಿ.

ಉಪಾಯ ಕೆಲಸ ಮಾಡುವುದು ನಿಂತರೆ

ನಿಲ್ಲುತ್ತದೆ. ಹೊಸ ಆ್ಯಪ್, ಹೊಸ ಡೈರಿ, ‘ಬಹುದು’ ಎಂಬ ಪದ, ಎಲ್ಲವೂ ಕೆಲವು ವಾರ ಚೆನ್ನಾಗಿ ನಡೆದು ಒಂದು ಬೆಳಿಗ್ಗೆ ಸಪ್ಪೆಯಾಗುತ್ತವೆ. ಹೊಸತನ ಹೋದ ಮೇಲೆ ಉಪಾಯವೂ ಒಂದು ಬೇಡಿಕೆಯೇ. ನೀವು ಕೆಟ್ಟಿರಿ ಎಂದೇನೂ ಅಲ್ಲ. ಅದನ್ನು ಎಸೆಯದೆ ಒಂದು ಚೀಟಿಯಲ್ಲಿ ಹೆಸರು ಬರೆದು ಡಬ್ಬಿಗೆ ಹಾಕಿ, ಬೇರೆಯದನ್ನು ಎತ್ತಿಕೊಳ್ಳಿ. ಮೂರು ನಾಲ್ಕು ತಿಂಗಳ ಮೇಲೆ ಡಬ್ಬಿ ತೆರೆದರೆ ಹಳೆಯ ಚೀಟಿಗಳಲ್ಲಿ ಒಂದೆರಡು ಮತ್ತೆ ಹೊಸದರಂತೆ ನಡೆಯುವುದುಂಟು.